ಎಣ್ಣೆ ಬಿಟ್ಟಾಗ ಇಳಿಯದ ಕೊಲೆಸ್ಟ್ರಾಲ್ ಬಾರ್ಲಿ ಹಿಡಿದಾಗ ಇಳಿದ ಬಗೆ: ನನ್ನ ಅನುಭವ

2023ರ ಜನವರಿಯಲ್ಲಿ ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಎನ್ನುವುದು) 170 ಇತ್ತು. 2024ರ ಜೂನ್‌ನಲ್ಲಿ 118ಕ್ಕೆ ಇಳಿಯಿತು. ಆಮೇಲೆ ಮಾಡಿಸಿದ ಎರಡು ಪರೀಕ್ಷೆಗಳಲ್ಲಿಯೂ 120ರ ಆಸುಪಾಸಿನಲ್ಲಿಯೇ ನಿಂತಿದೆ. ಈ ಅವಧಿಯಲ್ಲಿ ನಾನು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಒಂದು ದಿನವೂ ತೆಗೆದುಕೊಂಡಿಲ್ಲ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ನನ್ನೊಡನೆ ನಡೆಯುವ ಬಳಗದಲ್ಲಿ ಇದು ಆಗುವ ಕೆಲಸವೆಂದು ನಂಬಿದವರು ಒಬ್ಬರೂ ಇರಲಿಲ್ಲ. “ಮೇಡಂ, ಐವತ್ತು ದಾಟಿದ ಹೆಂಗಸರಿಗೆ ಅದು ಊಟದಿಂದ ಇಳಿಯುವುದಿಲ್ಲ, ಸುಮ್ಮನೆ ಮಾತ್ರೆ ಶುರು ಮಾಡಿ” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದೇ ಬಳಗದ ನಾಲ್ವರು ಈಗ ತಮ್ಮ ರಿಪೋರ್ಟ್ ಹಿಡಿದು ಬಂದು ಏನು ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೆಂಚಿನ ಮೇಲೆ ಕುಳಿತು ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ಲೇಸೆಂದು ತೋರಿತು. ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಓದಲು ಬಲ್ಲವರಿಗಾಗಿ ಬರೆದದ್ದರಿಂದ ಮೊದಲ ಪಾಠಗಳನ್ನು ಬಿಟ್ಟಿದ್ದೇನೆ. ಅಂಕಿಗಳನ್ನು ಬಹುಮಟ್ಟಿಗೆ ನೆನಪಿನಿಂದ ಕೊಡುತ್ತಿದ್ದೇನೆ.

ನನಗೆ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲ, ತವರಿನಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರೂ ಇಲ್ಲ. ಥೈರಾಯ್ಡ್ ಕುಂದಿದರೂ ಕೊಲೆಸ್ಟ್ರಾಲ್ ಏರುತ್ತದೆಯಾದ್ದರಿಂದ ಟಿಎಸ್‌ಎಚ್ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಅದು ಸರಿಯಿದೆಯೆಂದು ತಿಳಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಈ ದಾರಿ ಹಿಡಿದೆ. ನಮ್ಮ ಭಾವನವರಿಗೆ ಸ್ಟೆಂಟ್ ಹಾಕಿದ್ದಾರೆ. ನನ್ನ ರಿಪೋರ್ಟ್ ನೋಡಿ ತಾವೂ ಮಾತ್ರೆ ನಿಲ್ಲಿಸಬಹುದೇ ಎಂದು ಕೇಳಿದಾಗ ಖಂಡಿತ ಕೂಡದು ಎಂದು ಹೇಳಿದೆ. ಅವರ ಸ್ಥಿತಿ ಬೇರೆ, ನನ್ನ ಸ್ಥಿತಿ ಬೇರೆ.

ಗೆದ್ದದ್ದಕ್ಕಿಂತ ಸೋತದ್ದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಬಳಗದ ಅರ್ಧಕ್ಕರ್ಧ ಜನ ಈಗಲೂ ನನ್ನ ಮೊದಲ ತಪ್ಪನ್ನೇ ಮಾಡುತ್ತಿದ್ದಾರೆ. ಆ ಜನವರಿಯ ರಿಪೋರ್ಟ್ ಬಂದಾಗ ಒಟ್ಟು ಕೊಲೆಸ್ಟ್ರಾಲ್ 252, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 190, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 44. ಹೆದರಿಕೆಯಲ್ಲಿ ನಾನು ಎಣ್ಣೆಯನ್ನೇ ಬಿಟ್ಟೆ. ಏಳು ಸಾವಿರ ಕೊಟ್ಟು ಏರ್ ಫ್ರೈಯರ್ ತಂದೆ, ಒಗ್ಗರಣೆ ನಿಲ್ಲಿಸಿದೆ, ತುಪ್ಪದ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಒಗ್ಗರಣೆಯಿಲ್ಲದ ಪಲ್ಯ ಸೇರದೆ ತಟ್ಟೆಯಲ್ಲಿ ಅನ್ನ ಹೆಚ್ಚಿತು. ಕೊಬ್ಬಿಲ್ಲದ ಊಟ ಹೊಟ್ಟೆಯಲ್ಲಿ ನಿಲ್ಲದೆ ಸಂಜೆ ಮಂಡಕ್ಕಿ, ಬೆಲ್ಲದವಲಕ್ಕಿ, ಹಣ್ಣಿನ ರಸ ಬಂದವು. ಇವು ಯಾವುವೂ ಎಣ್ಣೆಯ ಪದಾರ್ಥಗಳಲ್ಲವೆಂಬ ಧೈರ್ಯ ನನ್ನದು. ಮೇ ತಿಂಗಳ ಪರೀಕ್ಷೆಯಲ್ಲಿ ಎಲ್‌ಡಿಎಲ್ 153 ಬಂದಾಗ ಸಂತೋಷಪಟ್ಟೆ, ಆದರೆ ವೈದ್ಯರು ಪೆನ್ಸಿಲ್ ಹಿಡಿದು ಪಕ್ಕದ ಅಂಕಿಗಳಿಗೆ ಗೆರೆ ಎಳೆದರು. ಟ್ರೈಗ್ಲಿಸರೈಡ್ 265ಕ್ಕೆ ಏರಿತ್ತು, ಎಚ್‌ಡಿಎಲ್ 38ಕ್ಕೆ ಕುಸಿದಿತ್ತು. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆದು ನೋಡಿದರೆ ಜನವರಿಯಲ್ಲಿ 208, ಮೇ ತಿಂಗಳಲ್ಲಿ 206. ಮೂರು ತಿಂಗಳ ಉಪವಾಸದಂಥ ಊಟದಿಂದ ಇಳಿದದ್ದು ಎರಡು ಅಂಕಿ. ನಮ್ಮ ಹೆಚ್ಚಿನ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ಅನ್ನು ನೇರವಾಗಿ ಅಳೆಯದೆ, 1972ರಷ್ಟು ಹಿಂದಿನ ಫ್ರೀಡ್ವಾಲ್ಡ್ ಸೂತ್ರದ ಪ್ರಕಾರ ಒಟ್ಟು ಅಂಕಿಯಿಂದ ಎಚ್‌ಡಿಎಲ್ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತಾರೆ. ಹಾಗಾಗಿ ಟ್ರೈಗ್ಲಿಸರೈಡ್ ಏರಿದಾಗ ಎಲ್‌ಡಿಎಲ್ ಕಾಗದದ ಮೇಲೆ ಇಳಿದಂತೆ ಕಾಣಬಹುದು. ಅಂದಿನಿಂದ ನಾನು ಮೊದಲು ನೋಡುವುದು ಆ ಕಳೆದುಳಿದ ಅಂಕಿಯನ್ನು.

ಎರಡನೆಯ ಸಲ ಕೈಸುಟ್ಟುಕೊಂಡದ್ದು ಗಾಣದ ಕೊಬ್ಬರಿ ಎಣ್ಣೆಯಲ್ಲಿ. ಕೊಬ್ಬರಿ ಎಣ್ಣೆ ಹೃದಯಕ್ಕೆ ಅಮೃತವೆಂದು ಆಗ ಎಲ್ಲೆಡೆ ಮಾತು ನಡೆಯುತ್ತಿತ್ತು. ಜೂನ್, ಜುಲೈ ಎರಡು ತಿಂಗಳು ಅಡುಗೆಗೂ ಅದೇ, ಬೆಳಗ್ಗೆ ಒಂದು ಚಮಚ ಹಾಗೆಯೇ ಕುಡಿಯುವುದಕ್ಕೂ ಅದೇ. ಅನ್ನ ಕಡಿಮೆಯಾದದ್ದರಿಂದ ಟ್ರೈಗ್ಲಿಸರೈಡ್ 170ಕ್ಕೆ ಇಳಿಯಿತು, ಎಚ್‌ಡಿಎಲ್ 49ಕ್ಕೆ ಏರಿತು, ಎಲ್‌ಡಿಎಲ್ ಮಾತ್ರ 180 ಮುಟ್ಟಿತು. ಕೊಬ್ಬರಿ ಎಣ್ಣೆಯ ನೂರರಲ್ಲಿ ತೊಂಬತ್ತರಷ್ಟು ಎಲ್‌ಡಿಎಲ್ ಏರಿಸುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು. ಎಚ್‌ಡಿಎಲ್ ಏರಿತೆಂಬ ಸಮಾಧಾನದಲ್ಲಿ ಅದನ್ನು ಮರೆಯುವಂತಿಲ್ಲ. ಇದರ ನಡುವೆ ಪರಿಚಯದವರೊಬ್ಬರ ಮೂಲಕ ಗಿಡಮೂಲಿಕೆಯ ಪುಡಿಯನ್ನು ಮೂರು ತಿಂಗಳಿಗೆ 4,800 ರೂಪಾಯಿ ಕೊಟ್ಟು ತರಿಸಿದ್ದೆ. ಅದು ಯಾವ ಅಂಕಿಯನ್ನೂ ಅಲುಗಿಸಲಿಲ್ಲ. ಏರ್ ಫ್ರೈಯರ್, ಪುಡಿ, ಗಾಣದ ಎಣ್ಣೆ, ಅಗಸೆ ಎಣ್ಣೆಯ ಕ್ಯಾಪ್ಸೂಲ್ ಎಲ್ಲ ಸೇರಿ ಆ ಎಂಟು ತಿಂಗಳಲ್ಲಿ ಹದಿನಾರು ಸಾವಿರದಷ್ಟು ಹೋಯಿತು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ನೋಡಿದವಳಿಗೆ ಆ ನಷ್ಟ ಇಂದಿಗೂ ನೋವು ಕೊಡುತ್ತದೆ.

ವೈದ್ಯರು ಕೊನೆಯದಾಗಿ ಮೂರು ತಿಂಗಳು ಕೊಟ್ಟರು. ಆ ಮೇಲೆ ಮಾತ್ರೆಯೇ ಎಂದರು. ಅಷ್ಟರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದ ವಿಚಾರ ಓದಿದ್ದೆ. ಓಟ್ಸ್, ಬಾರ್ಲಿ, ಇಸಬ್‌ಗೋಲ್, ಬೆಂಡೆಕಾಯಿ, ಬದನೆಕಾಯಿ, ಸೋಯಾ, ಬಾದಾಮಿ ಮೊದಲಾದವನ್ನು ಒಟ್ಟಿಗೆ, ಪ್ರತಿದಿನ, ಅಳತೆಯಿಂದ ಕೊಟ್ಟಾಗ ಎಲ್‌ಡಿಎಲ್ ಇಳಿದ ಪ್ರಮಾಣ ಹಳೆಯ ಸ್ಟ್ಯಾಟಿನ್ ಒಂದರ ಹತ್ತಿರಕ್ಕೆ ಬಂದಿತ್ತು. ಪಟ್ಟಿಯನ್ನು ನೋಡಿದಾಗ ಇದರಲ್ಲಿ ಅರ್ಧ ನಮ್ಮ ಅಡುಗೆಮನೆಯಲ್ಲಿ ಆಗಲೇ ಇದೆಯಲ್ಲ ಎನಿಸಿತು. ಇಲ್ಲದಿದ್ದದ್ದು ಅಳತೆ ಮತ್ತು ‘ಪ್ರತಿದಿನ’ ಎಂಬುದು. 2023ರ ಗೌರಿ-ಗಣೇಶ ಹಬ್ಬದ ಕಡುಬು ಮುಗಿದ ಮರುದಿನ ಚಿಕ್ಕ ಡಿಜಿಟಲ್ ತಕ್ಕಡಿಯೊಂದನ್ನು ಒಲೆಯ ಪಕ್ಕದಲ್ಲಿಟ್ಟು ಶುರು ಮಾಡಿದೆ.

ಮುಖ್ಯವಾದದ್ದು ಬಾರ್ಲಿ. ದಿನಕ್ಕೆ ಮೂರು ಗ್ರಾಂ ಬೀಟಾ ಗ್ಲುಕಾನ್ (ಬಾರ್ಲಿ, ಓಟ್ಸ್‌ನಲ್ಲಿರುವ ಕರಗುವ ನಾರು) ಹೊಟ್ಟೆಗೆ ಹೋಗಬೇಕೆಂಬುದು ಗುರಿ. ಅದಕ್ಕೆ ಒಣ ಬಾರ್ಲಿಯಾಗಲಿ ಓಟ್ಸ್ ಆಗಲಿ ಸುಮಾರು ಎಪ್ಪತ್ತು ಗ್ರಾಂ ಬೇಕು. ಓಟ್ಸ್ ನಮ್ಮ ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಅದೂ ಅಲ್ಲದೆ ಮಸಾಲೆ ಬೆರೆಸಿದ ಚಿಕ್ಕ ಪ್ಯಾಕೆಟ್‌ಗಳಲ್ಲಿ ಓಟ್ಸ್ ಇರುವುದು ಬೇಕಾದದ್ದರ ಅರ್ಧದಷ್ಟು, ಉಪ್ಪು ಮಾತ್ರ ಧಾರಾಳ. ಇಲ್ಲಿ ರಾಗಿಯ ಬಗ್ಗೆ ಒಂದು ಮಾತು. ರಾಗಿ ತಿನ್ನುತ್ತೇವೆ, ನಮಗೆ ಬೇರೆ ನಾರು ಬೇಡವೆಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಗೆಯೇ ನಂಬಿದ್ದೆ. ರಾಗಿಯ ನಾರಿನ ಬಹುಪಾಲು ಕರಗದ ನಾರು. ಕೊಲೆಸ್ಟ್ರಾಲ್ ಇಳಿಸುವುದು ಕರುಳಿನಲ್ಲಿ ಲೋಳೆಯಾಗಿ ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಹೋಗುವ ನಾರು. ಹಾಗೆ ಹೋದ ಪಿತ್ತವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ರಾಗಿ ಒಳ್ಳೆಯದೇ, ಈ ಕೆಲಸಕ್ಕೆ ಅದೊಂದೇ ಸಾಲದು.

ಆದ್ದರಿಂದ ರಾಗಿ ಮುದ್ದೆಗೆ ಬಾರ್ಲಿ ಹಿಟ್ಟು ಸೇರಿಸಲು ಹೊರಟೆ. ಮೊದಲ ದಿನ ಹಿಟ್ಟು ಕೋಲಿಗೂ ಪಾತ್ರೆಗೂ ಕೈಗೂ ಗೋಂದಿನಂತೆ ಅಂಟಿಕೊಂಡಿತು; ನೀರಿನಲ್ಲಿ ಕೈ ಅದ್ದಿ ಅದ್ದಿ ಕಟ್ಟಿದರೂ ಉಂಡೆ ನಿಲ್ಲದೆ ತಟ್ಟೆಯಲ್ಲಿ ಹರಡಿಕೊಂಡಿತು. ನಮ್ಮ ಮನೆಯವರು ಊಟ ಬಿಟ್ಟು ಎದ್ದರು. ಆದರೆ ಬೆರಳಿಗೆ ಮೆತ್ತಿಕೊಂಡ ಆ ಲೋಳೆಯನ್ನು ತೊಳೆಯುತ್ತಿದ್ದಾಗ ನನಗೆ ಹೊಳೆದದ್ದು, ನನಗೆ ಬೇಕಾದದ್ದೇ ಈ ಅಂಟು ಎಂಬುದು. ಅಂಟು ಹೋಗುವಂತೆ ಮಾಡಿದರೆ ಬಾರ್ಲಿ ಹಾಕಿಯೂ ಪ್ರಯೋಜನವಿಲ್ಲ, ಅಂಟು ಇದ್ದರೆ ಮುದ್ದೆಯಾಗುವುದಿಲ್ಲ. ಎರಡು ವಾರ ದಿನಕ್ಕೊಂದು ಬಗೆಯಲ್ಲಿ ಮಾಡಿ ನೋಡಿದ ಮೇಲೆ ಹದ ತೋರಿಸಿಕೊಟ್ಟವರು ಅತ್ತೆಯವರು. ರಾಗಿಗೆ ಬಾರ್ಲಿ ಎಷ್ಟು ಪಾಲು, ಅದನ್ನು ಎಸರಿಗೆ ಯಾವ ಹೊತ್ತಿನಲ್ಲಿ ಹಾಕಬೇಕು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಸ್ವತ್ತು, ಆ ಹಿಟ್ಟನ್ನು ಈಗ ಬೀದಿಯ ಏಳೆಂಟು ಮನೆಗಳಿಗೆ ನಾವೇ ಬೀಸಿಸಿ ಕೊಡುತ್ತಿದ್ದೇವೆ. ಮುದ್ದೆ ಬೇಡದವರಿಗೆ ಸುಲಭ ದಾರಿಯಿದೆ. ಇಡೀ ಬಾರ್ಲಿಯನ್ನು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಆರು ವಿಷಲ್ ಕೂಗಿಸಿ, ಬಿಸಿಬೇಳೆ ಬಾತಿಗೂ ಮೊಸರನ್ನಕ್ಕೂ ಅಕ್ಕಿಯ ಬದಲು ಹಾಕಬಹುದು. ಮೊಸರನ್ನಕ್ಕೆ ಅದು ಅಕ್ಕಿಗಿಂತ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಪೂರ್ತಿ ಎಪ್ಪತ್ತು ಗ್ರಾಂ ಮೊದಲ ದಿನವೇ ತಿಂದು ನಾನು ಒಂದು ವಾರ ಹೊಟ್ಟೆಯುಬ್ಬರದಿಂದ ನರಳಿದೆ. ಇಪ್ಪತ್ತು ಗ್ರಾಮಿನಿಂದ ಆರಂಭಿಸಿ ಮೂರು ವಾರದಲ್ಲಿ ಏರಿಸಿಕೊಳ್ಳುವುದು ಮೇಲು.

ಇದರ ಜೊತೆಗೆ ರಾತ್ರಿ ಊಟಕ್ಕೆ ಮೊದಲು ಒಂದು ದೊಡ್ಡ ಚಮಚ ಇಸಬ್‌ಗೋಲ್, ದೊಡ್ಡ ಲೋಟದ ತುಂಬ ನೀರಿನಲ್ಲಿ. ನೀರು ಕಡಿಮೆಯಾದರೆ ಅದು ಗಂಟಲಿನಲ್ಲಿಯೇ ಕಟ್ಟಿಕೊಳ್ಳುತ್ತದೆ, ಮಲಬದ್ಧತೆಯನ್ನೂ ತರುತ್ತದೆ. ಬೇರೆ ಮಾತ್ರೆ ನುಂಗುವವರು ಎರಡು ಮೂರು ಗಂಟೆ ಅಂತರ ಬಿಡಬೇಕು. ದಿನಕ್ಕೊಂದು ಬಟ್ಟಲು ಕಾಳು: ಹುರುಳಿ, ಅಲಸಂದೆ, ಹೆಸರು, ಚಳಿಗಾಲದಲ್ಲಿ ಅವರೆ. ಬಸ್ಸಾರಿನ ಮಸಾಲೆಗೆ ತೆಂಗಿನಕಾಯಿಯ ಬದಲು ಬೆಂದ ಕಾಳನ್ನೇ ಒಂದು ಹಿಡಿ ರುಬ್ಬಿ ಹಾಕಿದರೆ ಸಾರು ಅಷ್ಟೇ ಮಂದವಾಗಿ ಬರುತ್ತದೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನಕ್ಕೊಂದು ಒಡೆಯುತ್ತಿದ್ದ ತೆಂಗಿನಕಾಯಿ ಈಗ ವಾರಕ್ಕೊಂದಾಗಿದೆ. ಅಡುಗೆಗೆ ಕಡಲೆಕಾಯಿ ಎಣ್ಣೆಯನ್ನೂ ಅಕ್ಕಿ ತೌಡಿನ ಎಣ್ಣೆಯನ್ನೂ ತಿಂಗಳು ಬಿಟ್ಟು ತಿಂಗಳು ಬಳಸುತ್ತೇನೆ, ನಾಲ್ಕು ಜನಕ್ಕೆ ತಿಂಗಳಿಗೆ ಎರಡು ಲೀಟರು. ಒಗ್ಗರಣೆ ಮತ್ತೆ ಬಂದಿದೆ. ಬೇಕರಿಯ ಪಫ್, ಖಾರಾ ಬನ್, ಬೆಣ್ಣೆ ಬಿಸ್ಕತ್ತುಗಳನ್ನು ಪೂರ್ತಿ ನಿಲ್ಲಿಸಿದೆ. 2022ರ ಜನವರಿಯಿಂದ ವನಸ್ಪತಿಯಂಥವುಗಳಲ್ಲಿರುವ ಟ್ರಾನ್ಸ್ ಕೊಬ್ಬಿಗೆ ನೂರಕ್ಕೆ ಎರಡರ ಮಿತಿ ಬಂದಿರುವುದು ನಿಜ, ಆದರೆ ಪಫ್ ಪದರ ಪದರವಾಗಿ ಏಳಬೇಕಾದರೆ ಗಟ್ಟಿ ಕೊಬ್ಬು ಬೇಕೇ ಬೇಕು, ಅದು ಯಾವುದಾದರೂ ನನ್ನ ಎಲ್‌ಡಿಎಲ್‌ಗೆ ಒಳ್ಳೆಯದಲ್ಲ. ಬೆಣ್ಣೆ ಮಸಾಲೆ ದೋಸೆಯನ್ನು ತಿಂಗಳಿಗೆ ಒಂದಕ್ಕೆ ಇಳಿಸಿದ್ದೇನೆ, ಬಿಟ್ಟಿಲ್ಲ.

ನಡಿಗೆಯ ವಿಷಯ ಎಲ್ಲರಿಗೂ ತಿಳಿದದ್ದೇ. ಹರಟುತ್ತಾ ನಡೆಯುವುದನ್ನು ಬಿಟ್ಟು ವಾರಕ್ಕೆ ಐದು ದಿನ ಐವತ್ತು ನಿಮಿಷ ಬಿರುಸಾಗಿ ನಡೆದೆ, ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಹತ್ತುವುದನ್ನು ನಿಲ್ಲಿಸಿದೆ. ತೂಕ 68 ಕೆಜಿಯಿಂದ 62ಕ್ಕೆ ಬಂತು.

ನವೆಂಬರ್ ಮೊದಲ ವಾರದಲ್ಲಿ ನನಗೆ ಐದು ದಿನ ಜ್ವರ ಬಂತು. ಆಸ್ಪತ್ರೆಯಲ್ಲಿ ಹೇಗೂ ರಕ್ತ ತೆಗೆದರಲ್ಲ ಎಂದು ಲಿಪಿಡ್ ಪ್ರೊಫೈಲನ್ನೂ ಸೇರಿಸಿದೆ. ಎಲ್‌ಡಿಎಲ್ 112 ಎಂದು ಬಂತು. ಬಳಗದವರಿಗೆಲ್ಲ ರಿಪೋರ್ಟ್ ತೋರಿಸಿದೆ, ಪಾರ್ಕಿನಲ್ಲಿ ಸಿಹಿ ಹಂಚಿದೆ. ಡಿಸೆಂಬರ್ ಇಪ್ಪತ್ತರ ಸುಮಾರಿಗೆ, ಮೂರು ತಿಂಗಳು ತುಂಬಿದಾಗ, ಅದು 133 ಆಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಎಲ್ಲ ಬಿಟ್ಟುಬಿಡೋಣವೆನಿಸಿತ್ತು. ಜ್ವರದಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಇಳಿಯುತ್ತದೆ, ಆ 112 ಲೆಕ್ಕಕ್ಕಿಲ್ಲ, 180ರಿಂದ 133ಕ್ಕೆ ಬಂದಿರುವುದು ಸಣ್ಣ ಮಾತಲ್ಲ ಎಂದು ವೈದ್ಯರು ಬಿಡಿಸಿ ಹೇಳಿದಾಗ ಜೀವ ಬಂದಂತಾಯಿತು. ಮಾತ್ರೆಯ ಮಾತನ್ನು ಅವರೇ ಮುಂದೂಡಿದರು. ಆರು ತಿಂಗಳ ನಂತರದ ರಿಪೋರ್ಟ್: ಒಟ್ಟು 191, ಟ್ರೈಗ್ಲಿಸರೈಡ್ 115, ಎಚ್‌ಡಿಎಲ್ 50, ಎಲ್‌ಡಿಎಲ್ 118. ಮೊದಲು 208 ಇದ್ದ ಆ ಕಳೆದುಳಿದ ಅಂಕಿ 141. ಜ್ವರ ಬಂದು ಹೋದ ತಿಂಗಳಲ್ಲಿ ಪರೀಕ್ಷೆ ಮಾಡಿಸಬೇಡಿ, ಪ್ರತಿ ಸಲ ಲ್ಯಾಬ್ ಬದಲಿಸಲೂ ಬೇಡಿ.

ಕಾಫಿಯ ಮೇಲೆಯೂ ಒಂದು ಪ್ರಯೋಗ ಮಾಡಿದೆ. ಕಾಫಿ ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುವಂಥದ್ದು. ಕಾಗದದಲ್ಲಿ ಸೋಸಿದರೆ ಅದು ಕಾಗದಕ್ಕೇ ಅಂಟಿ ಉಳಿಯುತ್ತದೆ, ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳಲ್ಲಿ ಇಳಿಯುತ್ತದೆ. ಸೋಸುವ ಕಾಗದವನ್ನು ದುಂಡಗೆ ಕತ್ತರಿಸಿ ಫಿಲ್ಟರಿನ ತಳಕ್ಕೆ ಹಾಕಿ ಅದರ ಮೇಲೆ ಪುಡಿ ಒತ್ತಿದೆ. ಚಿಕೋರಿ ಬೆರೆತ ಪುಡಿಯಾದ್ದರಿಂದ ರಾತ್ರಿ ಹಾಕಿದ ನೀರು ಬೆಳಗ್ಗೆ ಐದಕ್ಕೂ ಅರ್ಧವೇ ಇಳಿದಿತ್ತು, ತೆಗೆದು ಬೆಳಕಿಗೆ ಹಿಡಿದರೆ ಕಾಗದದ ಮೇಲೆ ಎಣ್ಣೆಯ ಮಿನುಗು ಕಾಣುತ್ತಿತ್ತು. ಎರಡು ತಿಂಗಳು ಹಾಗೆ ಕುಡಿದ ಮೇಲೆ 118 ಇದ್ದದ್ದು 115 ಆಯಿತು. ಅಷ್ಟು ವ್ಯತ್ಯಾಸ ದಿನದಿನದ ಏರಿಳಿತದಲ್ಲಿಯೇ ಅಡಗಿಹೋಗುವುದರಿಂದ ಕಾಗದ ಬಿಟ್ಟು, ನಾಲ್ಕು ಲೋಟವನ್ನು ಎರಡಕ್ಕಿಳಿಸಿ, ಕೆನೆ ತೆಗೆದ ಹಾಲು ಹಾಕಿಕೊಂಡೆ. ಕಳೆದ ಸಲ 121 ಬಂತು. ಬಾದಾಮಿಯ ಬದಲು ಅರ್ಧ ಪಾಲು ಕಡಲೆಕಾಯಿ ಹಾಕಿದ ಪ್ರಯೋಗವೂ ಸರಿಹೋಯಿತು. ಬಸವನಗುಡಿಯ ಪರಿಷೆಯಲ್ಲಿ ಹತ್ತು ಸೇರು ಕೊಂಡು, ಬಿಸಿಲಿನಲ್ಲಿ ಒಣಗಿಸಿಟ್ಟು, ದಿನಕ್ಕೊಂದು ಹಿಡಿ ಎಣ್ಣೆಯಿಲ್ಲದೆ ಹುರಿದು ತಿನ್ನುತ್ತೇನೆ. ಉಪ್ಪು ಖಾರ ಹಚ್ಚಿದ ಕಾಂಗ್ರೆಸ್ ಕಡಲೆಕಾಯಿ ಒಂದು ಹಿಡಿಗೆ ನಿಲ್ಲುವುದಿಲ್ಲವಾದ್ದರಿಂದ ಅದನ್ನು ಮನೆಗೆ ತರುವುದಿಲ್ಲ.

ಖರ್ಚು ಹೇಳುವುದಾದರೆ ಬಾರ್ಲಿ, ಇಸಬ್‌ಗೋಲ್, ಬಾದಾಮಿ, ಕಡಲೆಕಾಯಿ ಸೇರಿ ನನ್ನೊಬ್ಬಳಿಗೆ ತಿಂಗಳಿಗೆ ಒಂಬೈನೂರು ರೂಪಾಯಿಯ ಸುಮಾರು. ಜನೌಷಧಿ ಕೇಂದ್ರದ ಸ್ಟ್ಯಾಟಿನ್ ಮಾತ್ರೆ ಇದಕ್ಕಿಂತ ಬಹಳ ಅಗ್ಗ, ಆದ್ದರಿಂದ ಹಣ ಉಳಿಸುವುದಕ್ಕೆಂದು ಯಾರೂ ಈ ದಾರಿ ಹಿಡಿಯಬೇಕಾಗಿಲ್ಲ. ನಮ್ಮ ಮನೆಯಲ್ಲಿ ಬೇಕರಿಗೂ ಹೋಟೆಲಿಗೂ ಹೋಗುತ್ತಿದ್ದ ಎರಡು ಸಾವಿರ ನಿಂತದ್ದರಿಂದ ಲೆಕ್ಕ ಸರಿದೂಗಿದೆ. ನಮ್ಮ ಮನೆಯವರ ಎಲ್‌ಡಿಎಲ್ ಕೂಡ ಅದೇ ಊಟದಲ್ಲಿ 148ರಿಂದ 126ಕ್ಕೆ ಬಂದಿದೆ. ಮೊದಲ ದಿನ ತಟ್ಟೆ ಬಿಟ್ಟು ಎದ್ದವರು ಈಗ ಹಿಟ್ಟು ಬೀಸಿಸಲು ತಾವೇ ಗಿರಣಿಗೆ ಹೋಗುತ್ತಾರೆ.