ಇಟ್ಟಿಗೆ ಪುಡಿಯಲ್ಲಿ ಮರೀ ಲಾವೋ

ಇಟ್ಟಿಗೆ ಪುಡಿಯಿಂದ ಶಾಯಿ ಮಾಡಿ ಲಿನೋ ಪ್ರಿಂಟ್ (ಲಿನೋಲಿಯಂ ಹಾಳೆಯಲ್ಲಿ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಚಿತ್ರ) ತೆಗೀತೀನಿ ಅಂದಾಗ ಸ್ಟುಡಿಯೋದಲ್ಲಿ ಎಲ್ಲರೂ ನಕ್ಕಿದ್ದರು. ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹಾಸುವ ಕಂಬಳಿ ಹಾಳಾಗುತ್ತೆ ಅಂತ ಒಬ್ಬರು ಹೆದರಿಸಿದರು. ಈಗ 24 ಪ್ರತಿ ತಯಾರಾಗಿವೆ. ನಕ್ಕವರಲ್ಲೇ ಇಬ್ಬರು ಒಂದೊಂದು ಕೊಂಡರು, ಅದೂ ಪೂರ್ತಿ ಬೆಲೆಗೆ.

ನಾನಿರುವುದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. 19ನೇ ಶತಮಾನದಲ್ಲಿ ಇದೇ ಊರಲ್ಲಿ ಬಾಳಿದ ಮರೀ ಲಾವೋ ಚಿತ್ರ ಅಂದರೆ ಹಾವು, ತಲೆಬುರುಡೆ, ಹಸಿರು ಹೊಗೆ. ಪ್ರವಾಸಿಗರಿಗೆ ಅದೇ ಓಡುತ್ತೆ. ನನಗೆ ಬೇಕಾದವಳು ಬೇರೆ. ಹಳದಿ ಜ್ವರ ಬಂದಾಗ ಗಿಡಮೂಲಿಕೆ ಹಿಡಿದು ರೋಗಿಗಳ ಪಕ್ಕ ಕೂತವಳು, ಗಲ್ಲಿಗೆ ಹೋಗುವ ಕೈದಿಗಳನ್ನು ನೋಡಲು ಜೈಲಿಗೆ ಹೋದವಳು. ವೂಡೂ (ಆಫ್ರಿಕಾ ಮೂಲದ ಪೂಜಾ ಪದ್ಧತಿ) ರಾಣಿ ಅಂತ ಹೆಸರು, ಆದರೆ 1819ರಲ್ಲಿ ಮದುವೆಯಾದದ್ದು ಕ್ಯಾಥೊಲಿಕ್ ಚರ್ಚಾದ ಸೇಂಟ್ ಲೂಯಿಸ್ ಕೆಥೆಡ್ರಲ್‌ನಲ್ಲಿ. ಅವಳ ಫೋಟೋ ಒಂದೂ ಇಲ್ಲ. ಎಲ್ಲರೂ ನಕಲು ಹೊಡೆಯುವುದು 1920ರಲ್ಲಿ ಫ್ರಾಂಕ್ ಶ್ನೈಡರ್ ಬರೆದ ಚಿತ್ರವನ್ನು. ಅದೇ ಇನ್ನೊಂದು ಹಳೇ ಚಿತ್ರದ ನಕಲು! ಅದಕ್ಕೇ ನಾನು ಮುಖವನ್ನು ಅರ್ಧ ನೆರಳಿಗೆ ಬಿಟ್ಟು, ಕೈ ಮತ್ತು ತಲೆವಸ್ತ್ರಕ್ಕೆ ಗಮನ ಕೊಟ್ಟೆ.

ಆ ತಲೆವಸ್ತ್ರಕ್ಕೆ ಟಿನ್ಯಾನ್ ಅಂತಾರೆ. ಕಪ್ಪು ಮತ್ತು ಮಿಶ್ರ ಮೂಲದ ಹೆಂಗಸರು ಕೂದಲು ಮುಚ್ಚಿಕೊಳ್ಳಬೇಕು ಅಂತ 1786ರಲ್ಲಿ, ಆಗ ಇಲ್ಲಿ ಆಳುತ್ತಿದ್ದ ಸ್ಪೇನಿನ ಗವರ್ನರ್ ಮೀರೋ ಆಜ್ಞೆ ಹೊರಡಿಸಿದ. ಅವರು ಅದನ್ನೇ ಇನ್ನೂ ಚೆಂದಕ್ಕೆ ಸುತ್ತಿ ಮೆರೆದರು. ಆ ತಲೆವಸ್ತ್ರದ ಕೆಂಪು ಅಂಗಡಿಯ ಬಣ್ಣದ ಟ್ಯೂಬಿನಿಂದ ಬರಬಾರದು ಅನ್ನಿಸಿತು. ಈ ಊರಲ್ಲಿ ಕೆಡುಕು ಒಳಗೆ ಬರದಿರಲಿ ಅಂತ ಹೊಸಿಲಿಗೆ ಇಟ್ಟಿಗೆ ಪುಡಿ ಉಜ್ಜುವ ರೂಢಿ ಇದೆ. ಅದೇ ಕೆಂಪು ಬೇಕು ಅಂತ ಹಟ ಹಿಡಿದೆ.

ರಿಪೇರಿಯಾಗುತ್ತಿದ್ದ ಹಳೇ ಮನೆಯೊಂದರಿಂದ ಒಡೆದ ಇಟ್ಟಿಗೆ ಪುಕ್ಕಟೆ ಸಿಕ್ಕಿತು. ಬಣ್ಣ ಬಳಿದಿದ್ದ ತುಂಡುಗಳನ್ನು ಎಸೆದೆ. ಹಳೇ ಪೇಂಟಿನಲ್ಲಿ ಸೀಸ ಇರುತ್ತೆ. ಕುಟ್ಟುವಾಗ ಮಾಸ್ಕ್ ಇಲ್ಲದಿದ್ದರೆ ಶ್ವಾಸಕೋಶ ಹೋಯಿತು ಅಂತಲೇ ಲೆಕ್ಕ.

ಮೊದಲ ಸಲ ಎಣ್ಣೆ ಕಡಿಮೆಯಾಯಿತು. ಶಾಯಿ ರೋಲರ್‌ಗೆ ಹತ್ತದೆ ಚಟ್ನಿಪುಡಿ ಹಾಗೆ ಉದುರಿತು. ಎರಡನೇ ಸಲ ಎಣ್ಣೆ ಜಾಸ್ತಿ ಸುರಿದೆ. ವಾರದೊಳಗೆ ಕಾಗದದ ಹಿಂದೆ ಬೋಂಡಾ ಸುತ್ತಿದ ಪೇಪರ್ ಹಾಗೆ ಜಿಡ್ಡು ಕಾಣಿಸಿಕೊಂಡಿತು. ಮೂರನೇ ಸಲ ಹದ ಸರಿಯಿತ್ತು, ಆದರೆ ಪುಡಿಯಲ್ಲಿ ಮರಳು ಉಳಿದಿತ್ತು. ಒಂದೊಂದು ಕಣದ ಸುತ್ತ ಬಿಳಿ ಉಂಗುರ. ಹತ್ತು ಪ್ರತಿಯಾಗುವಷ್ಟರಲ್ಲಿ ಸಣ್ಣ ಗೆರೆಗಳೆಲ್ಲ ಸವೆದವು. ಎರಡು ವಾರ ಕೂತು ಕೆತ್ತಿದ ಬ್ಲಾಕ್ ಕಸದ ಬುಟ್ಟಿಗೆ.

ಆಮೇಲೆ ನೆನಪಾದದ್ದು ಸಾಗರದ ಅಜ್ಜಿ ಮನೆ. ಗೋಡೆಗೆ ಕೆಮ್ಮಣ್ಣು ಬಳಿಯುವ ಮುಂಚೆ ಅಜ್ಜಿ ಅದನ್ನು ನೀರಲ್ಲಿ ಕದಡಿ, ಎರಡು ಉಸಿರು ಕಾದು, ಮೇಲಿನ ಕೆಂಪು ನೀರನ್ನಷ್ಟೇ ಬಗ್ಗಿಸಿಕೊಳ್ಳುತ್ತಿದ್ದಳು. ಮರಳು ತಳದಲ್ಲೇ ಉಳಿಯುತ್ತಿತ್ತು. ನಾನೂ ಹಾಗೇ ಐದು ಸಲ ಬಗ್ಗಿಸಿದೆ. ಕೊನೆಗೆ ತಂಗಿದ್ದನ್ನು ಒಣಗಿಸಿದಾಗ ಬೆರಳಿಗೆ ಟಾಲ್ಕಂ ಪೌಡರ್ ಹಾಗೆ ಹತ್ತಿತು. ನಾಲ್ಕು ಕೆಜಿ ಇಟ್ಟಿಗೆಗೆ ಸಿಕ್ಕಿದ್ದು ಸುಮಾರು 300 ಗ್ರಾಂ. ಗಾಜಿನ ಮೇಲೆ ಅಗಸೆ ಎಣ್ಣೆಯ ಜೊತೆ ಮುಕ್ಕಾಲು ಗಂಟೆ ಅರೆದೆ. ಎಣ್ಣೆಯ ಜೊತೆ ಇನ್ನೊಂದು ಚಿಟಿಕೆ ಏನು ಹಾಕಿದೆ ಅಂತ ಕೇಳಬೇಡಿ, ಹೇಳಲ್ಲ. ಬಣ್ಣ ತೆಳು, ಅದಕ್ಕೆ ಕೆಂಪು ಬ್ಲಾಕನ್ನು ಎರಡು ಸಲ ಒತ್ತಬೇಕು. ಇಲ್ಲಿನ ತೇವಕ್ಕೆ ಒಂದೊಂದು ಪದರ ಒಣಗಲು ಹತ್ತು ದಿನ ಹಿಡಿಯಿತು. ಕಪ್ಪು ಕೊನೆಗೆ.

ನಡುವೆ ಇನ್ನೊಂದು ಹುಚ್ಚು. ಇಲ್ಲಿ ಮಾಮೂ ಅನ್ನುವ ಗಿಡವಿದೆ, ನಮ್ಮ ಹಾಲವಾಣದ ದಾಯಾದಿ. ಅದರ ಬೇರಿನ ಕಷಾಯ ಕೆಮ್ಮಿಗೆ ಹಳೇ ಮದ್ದು. ಲಾವೋ ಅದನ್ನೇ ಕೊಟ್ಟಳು ಅಂತ ನಾನು ಹೇಳುತ್ತಿಲ್ಲ. ಈ ಮಣ್ಣಿನ ಔಷಧಿ, ಅಷ್ಟೇ. ಹಸಿ ಎಲೆಗೇ ಶಾಯಿ ಹಚ್ಚಿ ಪ್ರೆಸ್ಸಿಗೆ ಕೊಟ್ಟೆ. ರಸ ಪಿಚಕ್ಕೆಂದು ಕಾಗದವೆಲ್ಲ ಕಲೆ. ಎರಡು ದಿನ ದಪ್ಪ ಪುಸ್ತಕದಡಿ ಇಟ್ಟು ಒತ್ತಿದ ಎಲೆ ನರನರವಾಗಿ ಮೂಡಿತು. ಆದರೆ ಲಿನೋ ಗೆರೆಯ ಪಕ್ಕ ಅದು ಹೊಂದಲಿಲ್ಲ. ಕೊನೆಗೆ ಅವಳ ಕೈಯಲ್ಲಿ ಮೂರೆಲೆಯ ರೆಂಬೆ ಕೆತ್ತಿದೆ.

ಲಾವೋ ಸಮಾಧಿಯನ್ನೂ ಹಿನ್ನೆಲೆಗೆ ತರಬೇಕೆಂದಿದ್ದೆ. ಅದಕ್ಕೆ ಯಾರೋ 2013ರಲ್ಲಿ ಗುಲಾಬಿ ಬಣ್ಣ ಬಳಿದಿದ್ದರು. 2015ರಿಂದ ಆ ಸ್ಮಶಾನಕ್ಕೆ ಗೈಡ್ ಜೊತೆಗೇ ಹೋಗಬೇಕು. ನನ್ನ ಪೆನ್ಸಿಲ್‌ಗಿಂತ ಗೈಡ್ ನಡಿಗೆ ಜೋರು. ಸ್ಕೆಚ್ ಅರ್ಧಕ್ಕೇ ನಿಂತಿತು, ಐಡಿಯಾನೂ ಬಿಟ್ಟೆ.

ಖರ್ಚು ಹೇಳ್ತೀನಿ. ಹಾಳಾದ ಕಾಗದ 40 ಹಾಳೆ, ಅಂದಾಜು 160 ಡಾಲರ್. ಪ್ರೆಸ್ ಬಾಡಿಗೆ 450. ಲಿನೋ, ಎಣ್ಣೆ ಸೇರಿ 120. ಒಂದಕ್ಕೆ 90ರಂತೆ ಹನ್ನೊಂದು ಹೋಗಿವೆ. ಹಾಕಿದ್ದು ಬಂತು, ಕೂಲಿ ಇನ್ನೂ ಬಂದಿಲ್ಲ. ಕಂಬಳಿಗೆ ಏನೂ ಆಗಿಲ್ಲ.

ಬಕೆಟ್ ತಳದಲ್ಲಿ ಉಳಿದ ತರಿಯನ್ನು ಎಸೆಯೋಣ ಅಂತಿದ್ದೆ. ಪಕ್ಕದ ಮನೆಯ ಅಜ್ಜಿ ಹೊಸಿಲಿಗೆ ಬೇಕು ಅಂತ ಒಂದು ಡಬ್ಬಿ ತುಂಬಿಸಿಕೊಂಡು ಹೋದರು.