ಮೊಸೆಲ್ ರೀಸ್ಲಿಂಗ್ ಮತ್ತು ನಮ್ಮ ಹುಳಿ–ಖಾರದ ಊಟ: ನನ್ನ ಅನುಭವ

ರೀಸ್ಲಿಂಗ್ ಅನ್ನುವ ಬಿಳಿ ವೈನಿನ ಬಾಟಲಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಆಲ್ಕೋಹಾಲ್ ಎಷ್ಟಿದೆ ಅಂತ. ಲೇಬಲ್‌ನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಶೇ. 8 ಅಂತಿದ್ದರೆ ಒಂದು ಅಡುಗೆ, ಶೇ. 12 ಅಂತಿದ್ದರೆ ಇನ್ನೊಂದು. ಊರು, ತೋಟ, ವರ್ಷ ಎಲ್ಲ ಆಮೇಲೆ. ಜರ್ಮನಿಯ ಟ್ರಿಯರ್‌ನಲ್ಲಿ ಮನೆ ಮಾಡಿದ ಮೇಲೆ ಬಂದ ಅಭ್ಯಾಸ ಇದು. ಉಡುಪಿ ಕಡೆಯ ಅಡುಗೆ ಮಾಡುವ ನನಗೆ ಇದರಷ್ಟು ಉಪಯೋಗಕ್ಕೆ ಬಂದ ಗುಟ್ಟು ಬೇರೆ ಇಲ್ಲ.

ಟ್ರಿಯರ್ ಇರುವುದು ಮೊಸೆಲ್ ನದಿಯ ದಡದಲ್ಲಿ, ಹೆಚ್ಚುಕಡಿಮೆ 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದ್ರಾಕ್ಷಿಗೆ ಇದು ಚಳಿಯ ಜಾಗ. ಅದಕ್ಕೇ ಇಲ್ಲಿನವರು ಬಿಸಿಲು ನೇರವಾಗಿ ಬೀಳುವ ಕಡಿದಾದ ಇಳಿಜಾರುಗಳನ್ನು ಹುಡುಕಿ ಬಳ್ಳಿ ನೆಟ್ಟಿದ್ದಾರೆ. ಬ್ರೆಮ್ ಊರಿನ ಕಾಲ್ಮೊಂಟ್ ಅನ್ನುವ ಗುಡ್ಡದಲ್ಲಿ ಇಳಿಜಾರು ಕೆಲವು ಕಡೆ 65 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಟ್ರ್ಯಾಕ್ಟರ್ ಮಾತೇ ಇಲ್ಲ, ಎಲ್ಲ ಕೈಕೆಲಸ. ಹಳೆಯ ತೋಟಗಳಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗೂಟ ಇರುತ್ತದೆ.

ಕೊಯ್ಲಿನ ಕಾಲಕ್ಕೆ ಹತ್ತಿರದ ಹಳ್ಳಿಯ ತೋಟವೊಂದಕ್ಕೆ ನಾನೂ ಕೈಜೋಡಿಸಲು ಹೋಗುತ್ತೇನೆ. ಕಾಲ ಕೆಳಗೆ ಮಣ್ಣಿಗಿಂತ ಸ್ಲೇಟ್ ಕಲ್ಲಿನ ಚೂರುಗಳೇ ಜಾಸ್ತಿ. ಹೆಜ್ಜೆ ಇಟ್ಟರೆ ಜರ್ರನೆ ಜಾರುತ್ತವೆ. ಅಕ್ಟೋಬರ್ ಸಂಜೆ ಗಾಳಿ ತಣ್ಣಗೆ ಕೊರೆಯುತ್ತಿದ್ದರೂ ಆ ಕಪ್ಪು ಕಲ್ಲನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಡುವುದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ. ಆದರೆ ರಾತ್ರಿ ಚಳಿ ಇದ್ದೇ ಇರುತ್ತದಲ್ವಾ, ಹಾಗಾಗಿ ಹಣ್ಣಿನ ಹುಳಿ ಕರಗಿ ಹೋಗುವುದಿಲ್ಲ. ಬಿಸಿ ಸೀಮೆಯ ದ್ರಾಕ್ಷಿಯಲ್ಲಿ ಸಿಹಿ ಏರುತ್ತಿದ್ದಂತೆ ಹುಳಿ ಬೇಗ ಇಳಿದುಬಿಡುತ್ತದೆ. ಇಲ್ಲಿ ಎರಡೂ ಒಟ್ಟಿಗೆ ಉಳಿಯುತ್ತವೆ. ಊಟಕ್ಕೆ ಬೇಕಾದ್ದು ಈ ಹುಳಿಯೇ. ಮೀನಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತದೋ, ಒಳ್ಳೆಯ ರೀಸ್ಲಿಂಗ್ ಬಾಯಲ್ಲಿ ಅದನ್ನೇ ಮಾಡುತ್ತದೆ.

ಈಗ ಆ ಶೇಕಡಾ ಲೆಕ್ಕ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1 ಆಲ್ಕೋಹಾಲ್ ಆಗುತ್ತದೆ. ಪೂರ್ತಿ ಹುದುಗಿದರೆ ಶೇ. 11 ಬರಬಹುದಾದ ರಸವನ್ನು 8ಕ್ಕೇ ನಿಲ್ಲಿಸಿದರು ಅಂದುಕೊಳ್ಳಿ. ಉಳಿದ ಶೇ. 3 ಆಲ್ಕೋಹಾಲ್ ಆಗಬೇಕಿದ್ದ ಸಕ್ಕರೆ, ಅಂದರೆ ಲೀಟರಿಗೆ 50 ಗ್ರಾಂ ಆಸುಪಾಸು, ವೈನ್‌ನಲ್ಲೇ ಇರುತ್ತದೆ. ಕೇಳಿದರೆ ಪಾನಕದ ಹಾಗಿರಬಹುದು ಅನ್ನಿಸುತ್ತದೆ. ಕುಡಿದರೆ ಹಾಗಿರುವುದಿಲ್ಲ. ಹುಳಿ ಅದನ್ನು ಹಿಡಿದು ನಿಲ್ಲಿಸಿರುತ್ತದೆ.

ಲೇಬಲ್‌ನ ಪದಗಳನ್ನು ಮಾತ್ರ ನಂಬಿಕೊಂಡರೆ ಇದು ಗೊತ್ತಾಗುವುದಿಲ್ಲ. ಕಾಬಿನೆಟ್, ಸ್ಪೇಟ್‌ಲೇಸೆ, ಔಸ್‌ಲೇಸೆ ಅನ್ನುವ ದರ್ಜೆಗಳು ಕೊಯ್ದಾಗ ಹಣ್ಣಿನ ರಸದಲ್ಲಿ ಎಷ್ಟು ಸಿಹಿ ಇತ್ತು ಅಂತ ಹೇಳುತ್ತವೆ. ಆಮೇಲೆ ಆ ಸಿಹಿ ಹುದುಗಿತೋ ಉಳಿಯಿತೋ ಅನ್ನುವುದು ಬೇರೆ ವಿಷಯ. ಟ್ರೊಕೆನ್ ಅಂತ ಬರೆದಿದ್ದರೆ ಸಿಹಿ ಇಲ್ಲ ಅಂತ ಅರ್ಥ, ಹೆಚ್ಚೆಂದರೆ ಲೀಟರಿಗೆ 9 ಗ್ರಾಂ. ಫೈನ್‌ಹೆರ್ಬ್ ಅಂತಿದ್ದರೆ ನಡುವಿನದು, ಅದಕ್ಕೆ ಕಾನೂನಿನ ಮಿತಿ ಇಲ್ಲ, ತಯಾರಕರ ರುಚಿಗೆ ಬಿಟ್ಟಿದ್ದು. ಏನೂ ಬರೆಯದಿದ್ದಾಗ ಶೇಕಡಾ ನೋಡುವುದೇ ಸರಿ.

ಇಲ್ಲಿನವರ ಊಟಕ್ಕೆ ಟ್ರೊಕೆನ್ ಚೆನ್ನಾಗಿ ಹೊಂದುತ್ತದೆ. ಬೆಣ್ಣೆಯಲ್ಲಿ ಹುರಿದ ಟ್ರೌಟ್ ಮೀನು, ಈರುಳ್ಳಿ, ಕ್ರೀಮ್, ಹಂದಿಮಾಂಸದ ಚೂರು ಹಾಕಿ ತೆಳ್ಳಗೆ ಸುಟ್ಟ ಫ್ಲಾಮ್‌ಕೂಖೆನ್, ಎರಡಕ್ಕೂ ಅದೇ. ವಸಂತದಲ್ಲಿ ಬಿಳಿ ಆಸ್ಪ್ಯಾರಗಸ್ ಬಂದರೆ ಇಲ್ಲಿ ಹಬ್ಬದ ವಾತಾವರಣ. ಜೂನ್ 24ರವರೆಗೆ ಮಾತ್ರ ಕೊಯ್ಯುತ್ತಾರೆ. ಕರಗಿಸಿದ ಬೆಣ್ಣೆ, ಬೇಯಿಸಿದ ಆಲೂಗಡ್ಡೆ ಜೊತೆ ತಿನ್ನುತ್ತಾರೆ. ಓಕ್ ಪೀಪಾಯಿಯ ವಾಸನೆ ಇರುವ ವೈನ್ ಇದರ ಜೊತೆ ಕಹಿಕಹಿ ಅನ್ನಿಸುತ್ತದೆ. ಎಳೆಯ ಟ್ರೊಕೆನ್ ರೀಸ್ಲಿಂಗ್ ಹಗುರಾಗಿ ಇಳಿಯುತ್ತದೆ.

ನಮ್ಮ ಅಡುಗೆಗೆ ಲೆಕ್ಕ ತಿರುಗುತ್ತದೆ. ನನ್ನ ಮನೆಯಲ್ಲಿ ಸಿಹಿ ಉಳಿಸಿದ ಕಾಬಿನೆಟ್ ತೆರೆಯುವುದು ಬಂಗುಡೆ ಪುಳಿಮುಂಚಿ ಮಾಡಿದ ದಿನ. ಇಲ್ಲಿ ಸಿಗುವುದು ಅಟ್ಲಾಂಟಿಕ್‌ನ ಬಂಗುಡೆ, ನಮ್ಮದಕ್ಕಿಂತ ದೊಡ್ಡದು, ಜಿಡ್ಡೂ ಜಾಸ್ತಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಸ್ವಲ್ಪ ಮೆಂತ್ಯ, ಜೀರಿಗೆ, ಬೆಳ್ಳುಳ್ಳಿ ಹುರಿದು ಹುಣಿಸೆಹಣ್ಣಿನ ಜೊತೆ ನುಣ್ಣಗೆ ರುಬ್ಬುತ್ತೇನೆ. ತೆಂಗಿನಕಾಯಿ ಹಾಕುವುದಿಲ್ಲ. ಮಸಾಲೆ ಕುದಿದು ಎಣ್ಣೆ ಬಿಡುವ ಹೊತ್ತಿಗೆ ಮೀನು ಇಳಿಸಿ, ಸೌಟು ಆಡಿಸದೆ ಪಾತ್ರೆಯನ್ನೇ ಅಲ್ಲಾಡಿಸುತ್ತೇನೆ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ರುಚಿ.

ಒಂದು ತುತ್ತು ತಿಂದು ಶೇ. 8ರ ಕಾಬಿನೆಟ್ ಒಂದು ಗುಟುಕು ಕುಡಿದು ನೋಡಿ. ಮೊದಲು ಹುಳಿ. ಊಟದಲ್ಲಿ ಹುಳಿ ಜಾಸ್ತಿ ಇದ್ದರೆ ವೈನ್‌ನ ಹುಳಿ ನಾಲಿಗೆಗೆ ಕಡಿಮೆ ಅನ್ನಿಸುತ್ತದೆ. ಮೊದಲೇ ಹುಳಿ ಕಡಿಮೆ ಇರುವ ವೈನ್ ಹುಣಿಸೆಯ ಮುಂದೆ ಸಪ್ಪೆಯಾಗಿ ಬಿದ್ದುಹೋಗುತ್ತದೆ. ಮೊಸೆಲ್‌ನದು ಬೀಳುವುದಿಲ್ಲ. ಆಮೇಲೆ ಖಾರ. ಆಲ್ಕೋಹಾಲ್ ಜಾಸ್ತಿಯಾದಷ್ಟೂ ಮೆಣಸಿನ ಉರಿ ಏರುತ್ತದೆ. ಶೇ. 14ರ ವೈನ್ ಜೊತೆ ಪುಳಿಮುಂಚಿ ತಿಂದರೆ ಕಿವಿಯಲ್ಲೂ ಬೆಂಕಿ. 8ರಲ್ಲಿ ಆ ತೊಂದರೆ ಇಲ್ಲ. ಮೇಲಿಂದ ಉಳಿದ ಸಿಹಿ ಬಂದು ಉರಿಯನ್ನು ತಣಿಸುತ್ತದೆ. ಕೊನೆಗೆ ಜಿಡ್ಡು. ಬಂಗುಡೆಯ ಎಣ್ಣೆ ಬಾಯಲ್ಲಿ ಅಂಟಿಕೊಳ್ಳುವುದಿಲ್ಲ, ಮುಂದಿನ ತುತ್ತಿಗೆ ಬಾಯಿ ಮತ್ತೆ ಸಿದ್ಧ. ಈ ಜೋಡಿಗಾಗಿ ಅಡುಗೆಯಲ್ಲಿ ನಾನು ಹುಳಿ ತಗ್ಗಿಸುವುದಿಲ್ಲ. ಬ್ಯಾಡಗಿ ಜೊತೆ ಹಾಕುವ ಖಾರದ ಗಿಡ್ಡ ಮೆಣಸನ್ನು ಮಾತ್ರ ಸ್ವಲ್ಪ ಕಡಿಮೆ ಮಾಡುತ್ತೇನೆ.

ಕೋಳಿ ಗಸಿ, ನೀರುದೋಸೆಗೆ ಫೈನ್‌ಹೆರ್ಬ್. ತೆಂಗಿನಹಾಲಿನಲ್ಲೇ ಸಿಹಿ ಇರುವುದರಿಂದ ಕಾಬಿನೆಟ್ ಸೇರಿದರೆ ಅತಿಯಾಗುತ್ತದೆ. ಟ್ರೊಕೆನ್ ಆದರೆ ತುಸು ಒರಟು.

ಗೋಳಿಬಜೆ, ಈರುಳ್ಳಿ ಬಜ್ಜಿಗೆ ಎಲ್ಬ್ಲಿಂಗ್. ಇದು ಟ್ರಿಯರ್‌ನಿಂದ ನದಿ ಹರಿದು ಬರುವ ಕಡೆಗೆ, ಲಕ್ಸೆಂಬರ್ಗ್ ಗಡಿಯ ಹತ್ತಿರ ಸುಣ್ಣಕಲ್ಲಿನ ನೆಲದಲ್ಲಿ ಬೆಳೆಯುವ ದ್ರಾಕ್ಷಿಯ ಹಳೆಯ ತಳಿ. ಕಣ್ಣು ಕಿರಿದಾಗುವಷ್ಟು ಹುಳಿ, ಬೆಲೆಯೂ ಕಡಿಮೆ. ಇದಕ್ಕೆ ದೊಡ್ಡ ಹೆಸರಿಲ್ಲದಿರುವುದು ನನಗೆ ಬೇಸರ. ಕರಿದ ತಿಂಡಿಗೆ ಇದಕ್ಕಿಂತ ಹಿತವಾದ ವೈನ್ ನಾನು ಕುಡಿದಿಲ್ಲ.

ವರ್ಷಗಟ್ಟಲೆ ಇಟ್ಟ ರೀಸ್ಲಿಂಗ್‌ಗೆ ಸೀಮೆಎಣ್ಣೆಯ ವಾಸನೆ ಬರುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ. ಟಿಡಿಎನ್ ಅನ್ನುವ ವಸ್ತು ವಯಸ್ಸಾದ ಹಾಗೆ ಹೆಚ್ಚುತ್ತದೆ, ಅದರ ವಾಸನೆ ಅದು. ಹೊಗೆಯಲ್ಲಿ ಒಣಗಿಸಿದ ಟ್ರೌಟ್ ಜೊತೆ ಅದು ಅದ್ಭುತ.

ಹೋಳಿಗೆ, ಕೇಸರಿಬಾತ್ ಬಂದರೆ ಒಂದೇ ನಿಯಮ: ತಿಂಡಿಗಿಂತ ವೈನ್ ಸಿಹಿಯಾಗಿರಬೇಕು. ಇಲ್ಲದಿದ್ದರೆ ಒಳ್ಳೆಯ ವೈನೂ ಬರೀ ಹುಳಿನೀರು. ಬೆಲ್ಲ ಮಿತವಾಗಿರುವ ಕಾಯಿಹೋಳಿಗೆಗೆ ಸಿಹಿ ಔಸ್‌ಲೇಸೆ ಸಣ್ಣ ಗ್ಲಾಸಿನಲ್ಲಿ ಕೊಡುತ್ತೇನೆ. ಜಾಮೂನಿಗೆ ಯಾವುದನ್ನೂ ಕೊಡುವುದಿಲ್ಲ.

ಬಡಿಸುವಾಗ 8ರಿಂದ 10 ಡಿಗ್ರಿ ಇದ್ದರೆ ಸಾಕು. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಸುಮ್ನೆ ಬಿಡಿ, ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಒಂದೇ ಊಟಕ್ಕೆ ಎರಡು ಬಾಟಲಿ ತೆರೆಯುವುದಾದರೆ ಸಿಹಿ ಇಲ್ಲದ್ದು ಮೊದಲು, ಸಿಹಿ ಇರುವ ಕಾಬಿನೆಟ್ ಆಮೇಲೆ. ಹಾಗಾಗಿ ನಮ್ಮಲ್ಲಿ ಬಜೆ ಮೊದಲು ಬರುತ್ತದೆ, ಪುಳಿಮುಂಚಿ ಅದರ ಹಿಂದೆ.