ಪರೀಕ್ಷೆಗೆ ಹೋದ ಪುಡಿಯೇ ತಟ್ಟೆಗೂ ಹೋಗಬೇಕು

ತೊಟ್ಟಿಯಲ್ಲಿ ಬೆಳೆಸಿದ ಶಿಲೀಂಧ್ರದ ಪ್ರೋಟೀನ್ ಪುಡಿ. ಅದಕ್ಕೆ ಐರೋಪ್ಯ ಒಕ್ಕೂಟದ ಅನುಮತಿ ಕೇಳುವ ಕಡತ ಸಿದ್ಧ ಮಾಡುವುದು ನನ್ನ ಕೆಲಸವಾಗಿತ್ತು. ಪುಡಿಯನ್ನು ಲ್ಯಾಬಿಗೆ ಕೊಟ್ಟು, ವರದಿ ತಂದು, ಅರ್ಜಿಗೆ ಸೇರಿಸಿದರೆ ಆಯಿತು ಅಂದುಕೊಂಡಿದ್ದೆ.

ಮೊದಲ ತಡೆ ಹೆಸರಿನಲ್ಲೇ ಬಂತು. ಅಲ್ಲಿನ ನಿಯಮದಲ್ಲಿ, 1997ರ ಮೇ 15ಕ್ಕೆ ಮುಂಚೆ ಒಕ್ಕೂಟದ ಜನ ಹೇಳಿಕೊಳ್ಳುವಷ್ಟು ತಿಂದಿರದ ಪದಾರ್ಥ 'ಹೊಸ ಆಹಾರ' ಆಗಬಹುದು. ಇದೇ ಜಾತಿಯ ಅಣಬೆಯನ್ನು ಜನ ತಿನ್ನುತ್ತಲೇ ಬಂದಿದ್ದಾರಲ್ವಾ ಎಂದು ನಾನು ವಾದಿಸಿದೆ. ಆದರೆ ಜನ ತಿಂದದ್ದು ಕೊಡೆಯಂತೆ ಅರಳಿದ ಅಣಬೆ. ನಾವು ಬೆಳೆಸುತ್ತಿದ್ದದ್ದು ಅದರ ಬಿಳಿ ಎಳೆಗಳನ್ನು. ಜಾತಿ ಒಂದೇ ಆದರೂ ಭಾಗ ಬೇರೆ, ಬೆಳೆಸುವ ರೀತಿಯೂ ಬೇರೆ. ಆ ವಾದ ಬಿಟ್ಟೆ.

ಆಮೇಲೆ ಪ್ರೋಟೀನಿನ ಲೆಕ್ಕ. ಲ್ಯಾಬಿನವರು ನೇರವಾಗಿ ಪ್ರೋಟೀನ್ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿರುವ ಕೈಟಿನ್ ಎಂಬ ನಾರಿನಂಥ ಪದಾರ್ಥದಲ್ಲೂ, ಜೀವಕೋಶದ ಆರ್‌ಎನ್‌ಎಯಲ್ಲೂ ಸಾರಜನಕ ಇದೆ. ಅದೆಲ್ಲ ಪ್ರೋಟೀನ್ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗಾಗಿ ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳನ್ನೇ ಒಂದೊಂದಾಗಿ ಅಳೆಸಿದೆವು. ನಾವು ಹೇಳಿಕೊಳ್ಳುತ್ತಿದ್ದ ಅಂಕಿ ಇಳಿಯಿತು. ಮಾರಾಟದವರಿಗೆ ಬೇಸರವಾಯಿತು, ಆದರೆ ಕಡತಕ್ಕೆ ಇಳಿದ ಅಂಕಿಯನ್ನೇ ಹಾಕಿದೆ.

ನನ್ನ ನಿದ್ದೆ ಕೆಡಿಸಿದ್ದು ಇದೇ ಆರ್‌ಎನ್‌ಎ. ವೇಗವಾಗಿ ಬೆಳೆಯುವ ಜೀವಕೋಶಗಳಲ್ಲಿ ಅದು ಜಾಸ್ತಿ ಇರುತ್ತದೆ. ನಾವು ತಿಂದಾಗ ಅದು ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಅದು ಜಾಸ್ತಿಯಾದರೆ ಕೀಲುವಾತ, ಮೂತ್ರಪಿಂಡದ ಕಲ್ಲು ಬರಬಹುದು. ಹಾಗಾಗಿ ಕೊಯ್ಲಾದ ಕೂಡಲೇ ಎಳೆಗಳನ್ನು ಹದವಾಗಿ ಬಿಸಿ ಮಾಡುತ್ತೇವೆ. ಆಗ ಜೀವಕೋಶದೊಳಗಿನ ಕಿಣ್ವಗಳೇ ಆರ್‌ಎನ್‌ಎಯನ್ನು ತುಂಡರಿಸುತ್ತವೆ, ಆ ತುಂಡುಗಳು ಹೊರಗೆ ಸೋರಿಹೋಗುತ್ತವೆ.

ಇಲಿಗಳಿಗೆ 90 ದಿನ ತಿನ್ನಿಸುವ ಪರೀಕ್ಷೆ ಅಷ್ಟರಲ್ಲಿ ಮುಗಿದಿತ್ತು. ವರದಿ ಚೆನ್ನಾಗಿತ್ತು. ಕಡತಕ್ಕೆ ಐದು ಬ್ಯಾಚ್‌ಗಳ ವಿಶ್ಲೇಷಣೆ ಜೋಡಿಸುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಕೊನೆಯ ಎರಡು ಬ್ಯಾಚ್‌ಗಳಲ್ಲಿ ಆರ್‌ಎನ್‌ಎ ಏರಿತ್ತು. ವಿಚಾರಿಸಿದಾಗ ಗೊತ್ತಾಯಿತು: ಚಿಕ್ಕ ತೊಟ್ಟಿಯಿಂದ ದೊಡ್ಡ ತೊಟ್ಟಿಗೆ ಹೋಗುವಾಗ ಬಿಸಿ ಮಾಡುವ ಸಮಯ ಕಡಿಮೆ ಮಾಡಿದ್ದರು. ಇಲಿಗಳು ತಿಂದದ್ದು ಹಳೆಯ ಪುಡಿ. ಜನ ತಿನ್ನಲಿದ್ದದ್ದು ಹೊಸದು.

ಇಲಿಗಳಿಗೆ ಏನೂ ಆಗಿಲ್ಲವಲ್ಲ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ಇಲಿಯ ಮೈಯಲ್ಲಿ ಯೂರಿಕ್ ಆಮ್ಲವನ್ನು ಒಡೆಯುವ ಯೂರಿಕೇಸ್ ಎಂಬ ಕಿಣ್ವ ಇದೆ. ಮನುಷ್ಯರಿಗೆ ಅದು ಇಲ್ಲ. ಅಂದರೆ ಹೊಸ ಪುಡಿಯನ್ನೇ ತಿನ್ನಿಸಿದ್ದರೂ ಈ ಒಂದು ಅಪಾಯದ ಬಗ್ಗೆ ಇಲಿ ನಮಗೆ ಸರಿಯಾಗಿ ಎಚ್ಚರಿಕೆ ಕೊಡುತ್ತಿರಲಿಲ್ಲ. ಇದನ್ನು ಹೇಳಿದ ಮೇಲೆ ಅವರೇ ನನ್ನ ಜೊತೆ ಕಾರ್ಖಾನೆಗೆ ಬಂದರು. ಬಿಸಿ ಮಾಡುವ ಸಮಯವನ್ನು ಮೊದಲಿನಷ್ಟಕ್ಕೇ ತಂದೆವು. ಐದು ಬ್ಯಾಚ್‌ಗಳನ್ನೂ ಹೊಸದಾಗಿ ಮಾಡಿ ಅಳೆಸಿದೆವು. ತಿಂಗಳುಗಳು ಹೋದವು. ಇವತ್ತಿಗೂ ಆ ನಿರ್ಧಾರ ಸರಿ ಅಂತಲೇ ನನ್ನ ನಂಬಿಕೆ.

ಎಷ್ಟು ತಿನ್ನಬಹುದು ಎನ್ನುವ ಲೆಕ್ಕವೂ ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಇಲಿಗೆ ತೊಂದರೆ ಕೊಡದ ಗರಿಷ್ಠ ಪ್ರಮಾಣವನ್ನು 100ರಿಂದ ಭಾಗಿಸುವುದು ರೂಢಿ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆ 10, ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಇನ್ನೊಂದು 10. ಉದಾಹರಣೆಗೆ, ಇಲಿಗೆ ಮೈತೂಕದ ಪ್ರತಿ ಕಿಲೋಗೆ 3,000 ಮಿಲಿಗ್ರಾಂ ಸುರಕ್ಷಿತ ಅನ್ನಿ. ಭಾಗಿಸಿದರೆ 30. 60 ಕಿಲೋ ತೂಕದವರಿಗೆ ದಿನಕ್ಕೆ 1.8 ಗ್ರಾಂ. ಚಿಟಿಕೆಯಷ್ಟು ಬೀಳುವ ಬಣ್ಣಕ್ಕೆ ಅದು ಸಾಕು, ಬಟ್ಟಲು ತುಂಬುವ ಪ್ರೋಟೀನಿಗೆ ಸಾಲದು. ಇಲಿಗೆ ಇನ್ನೂ ಜಾಸ್ತಿ ತಿನ್ನಿಸಹೋದರೆ ಅದರ ಊಟದ ಸಮತೋಲನವೇ ಕೆಡುತ್ತದೆ. ಹಾಗಾಗಿ ಇಂಥ ಆಹಾರದಲ್ಲಿ ಪುಡಿಯೊಳಗೆ ಏನೇನಿದೆ ಎಂಬ ವಿವರವೇ ಹೆಚ್ಚು ಭಾರ ಹೊರಬೇಕು. ಮಕ್ಕಳ ಲೆಕ್ಕವನ್ನು ಬೇರೆಯಾಗಿ ಹಾಕಿದೆ. ಮೈತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಜಾಸ್ತಿ ತಿನ್ನುತ್ತಾರೆ.

ಅರ್ಜಿ ಒಪ್ಪಿಕೊಂಡ ಮೇಲೆ ಪರಿಶೀಲನೆಗೆ ಒಂಬತ್ತು ತಿಂಗಳ ಗಡುವು ಇದೆ. ಆದರೆ ಪರಿಶೀಲಿಸುವವರು ಹೆಚ್ಚಿನ ಮಾಹಿತಿ ಕೇಳಿದಾಗ ಗಡಿಯಾರ ನಿಲ್ಲುತ್ತದೆ. ನಮಗೆ ಎರಡು ಸಲ ನಿಂತಿತು. ಮೊದಲ ಸಲ ಅಲರ್ಜಿಯ ಬಗ್ಗೆ ಕೇಳಿದರು. ಎರಡನೆಯ ಸಲ ಬಂದ ಪ್ರಶ್ನೆ: ಪರೀಕ್ಷೆಗೆ ಕೊಟ್ಟ ಪುಡಿಯೂ ಮಾರುವ ಪುಡಿಯೂ ಒಂದೇ ವಿಧಾನದಲ್ಲಿ ತಯಾರಾಗಿವೆಯೇ? ನಡೆದದ್ದನ್ನು ಒಂದೂ ಬಿಡದೆ ಬರೆದು, ಹಳೆಯ ಮತ್ತು ಹೊಸ ಬ್ಯಾಚ್‌ಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಕಳಿಸಿದೆ. ಈಗ ಕಾರ್ಖಾನೆಯಲ್ಲಿ ಬಿಸಿಯ ಸಮಯವನ್ನು ಒಂದು ನಿಮಿಷ ಬದಲಿಸಬೇಕೆಂದರೂ ಆ ಹಾಳೆ ಮೊದಲು ನನ್ನ ಮೇಜಿಗೆ ಬರುತ್ತದೆ.